ಇರಾವತಿ ಕರ್ವೆ: ಅಳತೆಯಿಂದ ಮನೆಯ ಕಡೆಗೆ

ಕುಟುಂಬ, ವಲಸೆ ಮತ್ತು ವಾಸ್ತವ್ಯವನ್ನು ಕುರಿತ ಅಧ್ಯಯನಗಳು ಕನ್ನಡದಲ್ಲಿ ಬಹುಮಟ್ಟಿಗೆ ಎರಡು ದಾರಿಗಳಲ್ಲಿ ನಡೆದಿವೆ. ಜಾನಪದ ವಿದ್ವಾಂಸರು ತವರು, ಅತ್ತೆಮನೆ, ಸೋದರಮಾವ ಮೊದಲಾದ ಸಂಬಂಧಗಳನ್ನು ಹಾಡು-ಕಥೆಗಳ ಮೂಲಕ ವಿವೇಚಿಸಿದ್ದಾರೆ. ಸಮಾಜಶಾಸ್ತ್ರಜ್ಞರು ಅವೇ ಸಂಗತಿಗಳನ್ನು ಪ್ರಶ್ನಾವಳಿ ಮತ್ತು ಕೋಷ್ಟಕಗಳಲ್ಲಿ ಹಿಡಿದಿಡಲು ಯತ್ನಿಸಿದ್ದಾರೆ. ಈ ಎರಡೂ ದಾರಿಗಳನ್ನು ಒಂದೇ ಬದುಕಿನಲ್ಲಿ ಕ್ರಮಿಸಿದವರು ಇರಾವತಿ ಕರ್ವೆ (1905-1970). ಮರಾಠಿ ಲಲಿತ ಪ್ರಬಂಧಕಾರ್ತಿಯಾಗಿ, ಮಹಾಭಾರತದ ಪಾತ್ರಗಳನ್ನು ಕುರಿತ ‘ಯುಗಾಂತ’ದ ಲೇಖಕಿಯಾಗಿ ಅವರು ಕನ್ನಡ ಓದುಗರಿಗೆ ಪರಿಚಿತರು. ಆದರೆ ಮನೆಗಳನ್ನೂ ಸಂಬಂಧಗಳನ್ನೂ ಎಣಿಸಿ ಅಳೆದ ಸಂಶೋಧಕಿಯಾಗಿ ಅವರ ಪರಿಚಯ ಅಷ್ಟಾಗಿ ಆಗಿಲ್ಲ. ಅವರ ಜೀವನವನ್ನು ಈ ದೃಷ್ಟಿಯಿಂದ ನಿರೂಪಿಸಿ, ಅದು ಬೆಳಗಾವಿಯಂಥ ಗಡಿಪ್ರದೇಶದ ಅಧ್ಯಯನಕ್ಕೆ ಎಷ್ಟರಮಟ್ಟಿಗೆ ಪ್ರಸ್ತುತವೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬೆಳಗಾವಿ ನಗರದ ದಕ್ಷಿಣ ಭಾಗದ ಖಾಸಬಾಗವನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ವಡಗಾವಿ ಮತ್ತು ಶಹಾಪುರಗಳಿಗೆ ಹೊಂದಿಕೊಂಡಿರುವ ಖಾಸಬಾಗ ನೇಕಾರರ ನೆಲೆ. ಒಂದೇ ಓಣಿಯಲ್ಲಿ ಕನ್ನಡ ಮತ್ತು ಮರಾಠಿ ಮನೆಮಾತುಗಳು ಕೇಳಿಬರುತ್ತವೆ. ಪಕ್ಕದ ಶಹಾಪುರವು 1948ರವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೆಳಗಾವಿ ಪಟ್ಟಣವಾದರೋ ಬ್ರಿಟಿಷರ ಆಡಳಿತದಲ್ಲಿತ್ತು. ಎರಡೂ ಪ್ರದೇಶಗಳು ಮುಂಬಯಿ ಪ್ರಾಂತದಲ್ಲಿ ಒಂದಾಗಿ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದವು. ಆಡಳಿತದ ಗಡಿಗಳು ಇಷ್ಟು ಸಲ ಬದಲಾದ ಕಡೆಯಲ್ಲಿ ಕುಟುಂಬದ ಗಡಿ ಯಾವುದು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಕರ್ವೆಯವರ ಜೀವಮಾನದ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ ಆಗಿತ್ತು.

1. ಬಾಲ್ಯ ಮತ್ತು ಶಿಕ್ಷಣ

ಇರಾವತಿಯವರು ಹುಟ್ಟಿದ್ದು 1905ರ ಡಿಸೆಂಬರ್ 15ರಂದು, ಬರ್ಮಾದ ಮಿಂಜಾನ್ ಎಂಬಲ್ಲಿ. ತಂದೆ ಗಣೇಶ ಹರಿ ಕರ್ಮಾರ್ಕರ್ ಅಲ್ಲಿ ಹತ್ತಿಯ ಕಂಪನಿಯೊಂದರಲ್ಲಿ ಉದ್ಯೋಗದಲ್ಲಿದ್ದರು. ಬರ್ಮಾದ ಮಹಾನದಿ ಇರಾವತಿಯ ಹೆಸರನ್ನೇ ಮಗಳಿಗೆ ಇಟ್ಟರು. ವಲಸೆ ಹೋದ ಕೊಂಕಣಿಗ ಮೂಲದ ಕುಟುಂಬವೊಂದು ಹೊರನಾಡಿನ ನದಿಯನ್ನು ತನ್ನ ಮಗಳ ಹೆಸರಾಗಿಸಿಕೊಂಡದ್ದು ಅವರ ಮುಂದಿನ ಬದುಕಿಗೆ ಮುನ್ನುಡಿಯಂತಿದೆ. ಏಳನೆಯ ವಯಸ್ಸಿನಲ್ಲಿ ಅವರನ್ನು ಓದಿಗಾಗಿ ಪುಣೆಯ ಹುಜೂರಪಾಗಾ ಶಾಲೆಗೆ ಕಳುಹಿಸಲಾಯಿತು. ಅಲ್ಲಿನ ಸಹಪಾಠಿ ಶಕುಂತಲಾ ಅವರ ತಂದೆ, ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲ ರ‍್ಯಾಂಗ್ಲರ್ ಪರಾಂಜಪೆಯವರ ಮನೆಯಲ್ಲಿ ಅವರು ಮನೆಮಗಳಂತೆ ಬೆಳೆದರು. ಹೀಗೆ ರಕ್ತಸಂಬಂಧವಿಲ್ಲದ ಮನೆಯೊಂದು ಅವರಿಗೆ ಎರಡನೆಯ ತವರಾಯಿತು. ಮನೆ ಎಂಬುದು ಹುಟ್ಟಿನಿಂದ ಮಾತ್ರ ಒದಗುವುದಲ್ಲ ಎಂಬ ಅನುಭವ ಅವರಿಗೆ ಎಳವೆಯಲ್ಲಿಯೇ ದೊರೆಯಿತೆನ್ನಬಹುದು.

1926ರಲ್ಲಿ ಫರ್ಗ್ಯುಸನ್ ಕಾಲೇಜಿನಿಂದ ತತ್ತ್ವಶಾಸ್ತ್ರದಲ್ಲಿ ಪದವಿ ಪಡೆದ ಇರಾವತಿ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಜಿ. ಎಸ್. ಘುರ್ಯೆ ಅವರ ಮಾರ್ಗದರ್ಶನದಲ್ಲಿ ಸಮಾಜಶಾಸ್ತ್ರದ ಅಧ್ಯಯನಕ್ಕೆ ತೊಡಗಿದರು. ಮುಂದೆ ‘ಮೈಸೂರಿನಲ್ಲಿ ವಿವಾಹ ಮತ್ತು ಕುಟುಂಬ’ ಎಂಬ ಅಧ್ಯಯನವನ್ನು 1942ರಲ್ಲಿ ಪ್ರಕಟಿಸಿದ ಎಂ. ಎನ್. ಶ್ರೀನಿವಾಸರೂ ಘುರ್ಯೆಯವರ ಶಿಷ್ಯರೇ. 1928ರಲ್ಲಿ ಇರಾವತಿಯವರು ಸ್ನಾತಕೋತ್ತರ ಪದವಿ ಪಡೆದರು. ಈ ನಡುವೆ ರಸಾಯನಶಾಸ್ತ್ರದ ಅಧ್ಯಾಪಕ ದಿನಕರ ಧೋಂಡೊ ಕರ್ವೆಯವರೊಡನೆ ಅವರ ವಿವಾಹವಾಗಿತ್ತು. ಮಾವನವರು 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಮಹರ್ಷಿ ಧೋಂಡೊ ಕೇಶವ ಕರ್ವೆ. ಸ್ತ್ರೀಶಿಕ್ಷಣಕ್ಕೆ ಬದುಕನ್ನೇ ಮುಡಿಪಾಗಿಟ್ಟ ಆ ಹಿರಿಯರು ಸೊಸೆಯ ವಿದೇಶ ವ್ಯಾಸಂಗಕ್ಕೆ ಮಾತ್ರ ಸಮ್ಮತಿಸಲಿಲ್ಲ. ಆದರೂ ಗಂಡನ ಬೆಂಬಲದಿಂದಲೂ ಜೀವರಾಜ ಮೆಹತಾ ಅವರು ಕೊಟ್ಟ ಸಾಲದಿಂದಲೂ ಅವರು ಬರ್ಲಿನ್ನಿಗೆ ತೆರಳಿದರು.

2. ತಲೆಬುರುಡೆಯ ಪಾಠ

ಬರ್ಲಿನ್ನಿನ ಕೈಸರ್ ವಿಲ್ಹೆಲ್ಮ್ ಮಾನವಶಾಸ್ತ್ರ ಸಂಸ್ಥೆಯಲ್ಲಿ ಅವರ ಮಾರ್ಗದರ್ಶಕರಾಗಿದ್ದವರು ಓಯ್ಗೆನ್ ಫಿಶರ್. ಜನಾಂಗಗಳ ಮೇಲುಕೀಳನ್ನು ದೇಹದ ಅಳತೆಯಿಂದ ಸಾಧಿಸಬಹುದೆಂದು ನಂಬಿದ್ದ, ಮುಂದೆ ನಾಝಿ ಆಡಳಿತದ ಜನಾಂಗ ನೀತಿಗೆ ಶಾಸ್ತ್ರದ ಆಸರೆಯೊದಗಿಸಿದ ವಿದ್ವಾಂಸ ಅವರು. ಮನುಷ್ಯನ ತಲೆಬುರುಡೆಯ ಎಡ-ಬಲಗಳ ಅಸಮತೆಗೂ ಜನಾಂಗಕ್ಕೂ ಸಂಬಂಧವಿದೆಯೇ ಎಂಬುದು ಇರಾವತಿಯವರಿಗೆ ಒಪ್ಪಿಸಲಾದ ವಿಷಯ. ನೂರಕ್ಕೂ ಮೀರಿದ ಬುರುಡೆಗಳನ್ನು ಅಳೆದು ನೋಡಿದ ಅವರಿಗೆ ಅಂಥ ಸಂಬಂಧ ಕಂಡುಬರಲಿಲ್ಲ. ಗುರುವಿನ ನಿರೀಕ್ಷೆಗೆ ವಿರುದ್ಧವಾದ ಈ ಫಲಿತವನ್ನು ಅವರು ತಮ್ಮ ಮಹಾಪ್ರಬಂಧದಲ್ಲಿ ಹಾಗೆಯೇ ದಾಖಲಿಸಿದರು. ಅಳತೆಯು ಊಹೆಯನ್ನು ಸಮರ್ಥಿಸುವ ಸಾಧನವಲ್ಲ, ಊಹೆಯನ್ನು ಒರೆಗೆ ಹಚ್ಚುವ ಸಾಧನ ಎಂಬ ತಿಳಿವಳಿಕೆ ಅವರಲ್ಲಿ ಇಲ್ಲಿಂದಲೇ ಮೊದಲಾಯಿತು.

ಆದಾಗ್ಯೂ ಬರ್ಲಿನ್ನಿನ ಶಿಕ್ಷಣದ ಪ್ರಭಾವದಿಂದ ಅವರು ಪೂರ್ಣವಾಗಿ ಬಿಡಿಸಿಕೊಂಡರೆಂದು ಹೇಳಲಾಗದು. ಭಾರತಕ್ಕೆ ಮರಳಿದ ಮೇಲೂ ಜಾತಿಗಳ ದೇಹದ ಅಳತೆಯನ್ನು ಅವರು ದಶಕಗಳ ಕಾಲ ಮುಂದುವರಿಸಿದರು. 1951ರಲ್ಲಿ ಸಂಖ್ಯಾಶಾಸ್ತ್ರಜ್ಞ ವಿ. ಎಂ. ದಾಂಡೇಕರ್ ಅವರೊಡಗೂಡಿ ಮಹಾರಾಷ್ಟ್ರದ ಅಳತೆಗಳನ್ನೂ, 1954ರಲ್ಲಿ ಕರ್ನಾಟಕ ಮತ್ತು ಒರಿಸ್ಸಾಗಳ ಅಳತೆಗಳನ್ನು ಮಹಾರಾಷ್ಟ್ರದೊಡನೆ ಹೋಲಿಸಿದ ಅಧ್ಯಯನವನ್ನೂ ಪ್ರಕಟಿಸಿದರು. ಇದೇ ದಾಂಡೇಕರ್ ಮುಂದೆ ನೀಲಕಂಠ ರಥ್ ಅವರೊಡನೆ ಭಾರತದ ಬಡತನವನ್ನು ಲೆಕ್ಕಹಾಕಿದವರೆಂಬುದು ಗಮನಾರ್ಹ. ಜನರನ್ನು ಜನಾಂಗಗಳಾಗಿ ವಿಂಗಡಿಸಲು ದೇಹದ ಅಳತೆಯನ್ನು ಬಳಸುವ ಕ್ರಮವನ್ನು ವಿದ್ವತ್ ಲೋಕವು ಇಂದು ಕೈಬಿಟ್ಟಿದೆ. ಆದರೆ ಆ ಅಳತೆಗಳಿಂದ ಕರ್ವೆಯವರು ತೆಗೆದ ಒಂದು ತೀರ್ಮಾನ ಇಂದಿಗೂ ಚರ್ಚಾರ್ಹವಾಗಿದೆ. ಕುಂಬಾರರೆಂಬ ಒಂದೇ ಹೆಸರಿನಡಿ ಬರುವ ಮಹಾರಾಷ್ಟ್ರದ ಉಪಜಾತಿಗಳು ಪರಸ್ಪರ ಭಿನ್ನವಾಗಿವೆಯೆಂದು ಅವರು ತೋರಿಸಿದರು. ಒಂದು ದೊಡ್ಡ ಜಾತಿ ಒಡೆದು ಉಪಜಾತಿಗಳಾದವೆಂಬುದು ಘುರ್ಯೆಯವರ ನಿಲುವು. ಬೇರೆ ಬೇರೆ ಬಂಧುಸಮೂಹಗಳು ಒಂದೇ ಕಸುಬಿನ ಕಾರಣದಿಂದ ಒಂದೇ ಹೆಸರನ್ನು ಪಡೆದವೆಂಬುದು ಶಿಷ್ಯೆಯ ನಿಲುವು. ‘ಹಿಂದೂ ಸಮಾಜ: ಒಂದು ವ್ಯಾಖ್ಯಾನ’ (1961) ಎಂಬ ಇಂಗ್ಲಿಷ್ ಕೃತಿಯಲ್ಲಿ ಈ ವಾದ ವಿಸ್ತಾರ ಪಡೆದಿದೆ.

3. ಡೆಕ್ಕನ್ ಕಾಲೇಜು ಮತ್ತು ಬಂಧುತ್ವದ ನಕಾಶೆ

ಜರ್ಮನಿಯಿಂದ ಹಿಂತಿರುಗಿ ಕೆಲವು ವರ್ಷ ಮಹಿಳಾ ವಿಶ್ವವಿದ್ಯಾಲಯದ ಆಡಳಿತದಲ್ಲಿದ್ದ ಕರ್ವೆಯವರು, 1939ರಲ್ಲಿ ಸಂಶೋಧನ ಸಂಸ್ಥೆಯಾಗಿ ಮತ್ತೆ ಬಾಗಿಲು ತೆರೆದ ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದರು. ಪ್ರಾಕ್ತನಶಾಸ್ತ್ರಜ್ಞ ಎಚ್. ಡಿ. ಸಾಂಕಾಲಿಯಾ ಅಲ್ಲಿ ಅವರ ಸಹೋದ್ಯೋಗಿ. ಗುಜರಾತಿನ ಲಾಂಘಣಜದ ಪ್ರಾಗೈತಿಹಾಸಿಕ ನೆಲೆಯಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದರು. ಪುಣೆಯ ಬೀದಿಗಳಲ್ಲಿ ಸ್ಕೂಟರ್ ಓಡಿಸಿದ ಮೊದಲ ಮಹಿಳೆಯೆಂಬ ಖ್ಯಾತಿಯೂ ಅವರದು. ಅವರ ಮುಖ್ಯ ಕೃತಿ ‘ಭಾರತದಲ್ಲಿ ಬಂಧುತ್ವ ವ್ಯವಸ್ಥೆ’ 1953ರಲ್ಲಿ ಡೆಕ್ಕನ್ ಕಾಲೇಜಿನಿಂದಲೇ ಪ್ರಕಟವಾಯಿತು. ಸಂಸ್ಕೃತ, ಪಾಲಿ, ಅರ್ಧಮಾಗಧಿ ಗ್ರಂಥಗಳ ಸಂಬಂಧಸೂಚಕ ಪದಗಳನ್ನೂ, ಆಡುಭಾಷೆಗಳ ಪದಗಳನ್ನೂ ಒಟ್ಟಿಗಿಟ್ಟು ಅವರು ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂಬ ನಾಲ್ಕು ವಲಯಗಳಾಗಿ ವಿಂಗಡಿಸಿದರು.

ಈ ನಕಾಶೆಯಲ್ಲಿ ಕನ್ನಡ ನಾಡು ದಕ್ಷಿಣ ವಲಯಕ್ಕೂ ಮಹಾರಾಷ್ಟ್ರ ಮಧ್ಯ ವಲಯಕ್ಕೂ ಸೇರುತ್ತವೆ. ವಲಯಗಳ ನಡುವಿನ ಭೇದವನ್ನು ನಾವು ನಮ್ಮ ನುಡಿಯಲ್ಲಿಯೇ ಕಾಣಬಹುದು. ಕನ್ನಡದಲ್ಲಿ ತಂದೆಯ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ತಾಯಿಯ ತಮ್ಮನೂ ಮಾವ, ಹೆಂಡತಿಯ ತಂದೆಯೂ ಮಾವ. ಗಂಡಸಿಗೆ ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಮರಾಠಿಯಲ್ಲಿ ಆತ್ಯಾ ಬೇರೆ, ಸಾಸೂ ಬೇರೆ. ಮಾಮಾ ಬೇರೆ, ಸಾಸರಾ ಬೇರೆ. ಮದುವೆಗೆ ಮುಂಚೆಯೇ ಬಂಧುವಾದವನು ಬೀಗನಾಗುವ ವ್ಯವಸ್ಥೆ ಮೊದಲನೆಯದು. ಅಪರಿಚಿತನು ಮದುವೆಯಿಂದ ಬಂಧುವಾಗುವ ವ್ಯವಸ್ಥೆಯತ್ತ ವಾಲಿರುವುದು ಎರಡನೆಯದು. ಮಹಾರಾಷ್ಟ್ರದಲ್ಲಿ ಸೋದರಮಾವನ ಮಗಳನ್ನು ತರುವ ರೂಢಿ ಅನೇಕ ಜಾತಿಗಳಲ್ಲಿದ್ದರೂ ಸೋದರತ್ತೆಯ ಮಗಳನ್ನು ತರಲು ಹಿಂಜರಿಯುತ್ತಾರೆಂದೂ, ದಕ್ಷಿಣ ಮಹಾರಾಷ್ಟ್ರದ ಕೆಲವು ಜಾತಿಗಳಲ್ಲಿ ಮಾತ್ರ ಎರಡೂ ಬಗೆಯ ಸಂಬಂಧಗಳು ನಡೆಯುತ್ತವೆಂದೂ ಅವರು ಗುರುತಿಸಿದರು. ಅಂದರೆ ಬಂಧುತ್ವದ ಗಡಿಯು ಭಾಷೆಯ ಗಡಿಯ ಮೇಲೆ ಸರಿಯಾಗಿ ಕೂಡುವುದಿಲ್ಲ. ಅವರ ವಲಯ ವಿಭಜನೆ ಭಾಷೆಯನ್ನೇ ಆಧರಿಸಿದ್ದರೂ, ಅವರು ಕಲೆಹಾಕಿದ ಸಾಮಗ್ರಿಯೇ ಆ ವಿಭಜನೆಯನ್ನು ಗಡಿಯಲ್ಲಿ ಸಡಿಲಿಸುತ್ತದೆ.

ಈ ಮಾತು ವಾಸ್ತವ್ಯದ ಪ್ರಶ್ನೆಗೂ ನೇರವಾಗಿ ಸಂಬಂಧಿಸಿದೆ. ಭಾರತದ ಜನಗಣತಿಗಳಲ್ಲಿ ಹೆಣ್ಣುಮಕ್ಕಳ ವಲಸೆಗೆ ಎಲ್ಲಕ್ಕಿಂತ ದೊಡ್ಡ ಕಾರಣವಾಗಿ ಕಾಣುವುದು ಮದುವೆ. ಆದರೆ ಗೊತ್ತಿಲ್ಲದ ದೂರದ ಮನೆಗೆ ಹೋಗುವ ಉತ್ತರದ ವಧುವಿನ ವಲಸೆಯೂ, ಸೋದರಮಾವನ ಮನೆಗೆ ಹೋಗುವ ದಕ್ಷಿಣದ ವಧುವಿನ ವಲಸೆಯೂ ಅಂಕಿಯಲ್ಲಿ ಒಂದೇ ಆದರೂ ಅನುಭವದಲ್ಲಿ ಒಂದೇ ಅಲ್ಲ. ಉತ್ತರದಲ್ಲಿ ಮಗಳ ಬದುಕಿಗೂ ಸೊಸೆಯ ಬದುಕಿಗೂ ಇರುವ ಬಿರುಕು ದಕ್ಷಿಣದಲ್ಲಿ ಅಷ್ಟು ಆಳವಾಗಿಲ್ಲವೆಂದು ಕರ್ವೆ ವಾದಿಸಿದರು. ಆದರೂ ನಮ್ಮ ಜನಪದ ಹಾಡುಗಳ ಹೆಣ್ಣುಮಗಳು ತವರನ್ನು ನೆನೆದು ಹಾಡುವುದನ್ನು ನಿಲ್ಲಿಸಿಲ್ಲ. ಆಪ್ತಬಂಧುವಿನ ಮನೆಯೂ ಅತ್ತೆಮನೆಯಾದೊಡನೆ ಬೇರೆಯಾಗುತ್ತದೆಂಬ ಆ ಸಾಕ್ಷ್ಯವನ್ನು ಕರ್ವೆಯವರ ವಾದದ ಎದುರಿಗೆ ಇಟ್ಟು ನೋಡುವ ಕೆಲಸ ಕನ್ನಡ ಸಂಶೋಧಕರದು.

4. ಒಲೆ ಮತ್ತು ಮೂಲಮನೆ

ಒಂದೇ ಸೂರಿನಡಿ ಬಾಳುವ, ಒಂದೇ ಒಲೆಯ ಅನ್ನ ಉಣ್ಣುವ, ಆಸ್ತಿಯನ್ನು ಸಾಮೂಹಿಕವಾಗಿ ಹೊಂದಿರುವ, ಮನೆದೇವರ ಪೂಜೆಯಲ್ಲಿ ಒಟ್ಟಾಗಿ ಪಾಲ್ಗೊಳ್ಳುವ ಬಂಧುಗಳ ಸಮೂಹವೇ ಅವಿಭಕ್ತ ಕುಟುಂಬವೆಂಬ ಕರ್ವೆಯವರ ನಿರೂಪಣೆ ಪ್ರಸಿದ್ಧವಾಗಿದೆ. ಇದರ ಜೊತೆಗೆ ಅವರು ಸೇರಿಸಿದ ಇನ್ನೊಂದು ಅಂಶವನ್ನು ವಿದ್ವಾಂಸರು ಹಲವೊಮ್ಮೆ ಬಿಟ್ಟುಬಿಡುತ್ತಾರೆ. ಪ್ರತಿ ಅವಿಭಕ್ತ ಕುಟುಂಬಕ್ಕೂ ಒಂದು ಮೂಲಮನೆ ಇರುತ್ತದೆ; ನೌಕರಿಗಾಗಿಯೋ ವ್ಯಾಪಾರಕ್ಕಾಗಿಯೋ ಸೈನ್ಯಕ್ಕಾಗಿಯೋ ದೂರ ಹೋದವರೂ ಆ ಮನೆಯ ಸದಸ್ಯರಾಗಿಯೇ ಉಳಿಯುತ್ತಾರೆ ಎಂಬುದು ಆ ಅಂಶ. ಜನಗಣತಿಯಾದರೋ ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನು ಮಾತ್ರ ಒಂದು ಮನೆಯೆಂದು ಎಣಿಸುತ್ತದೆ. ಈ ಎರಡು ಎಣಿಕೆಗಳ ನಡುವೆ ವಲಸಿಗನು ಕಳೆದುಹೋಗುವ ಸಂಭವವಿದೆ.

ಖಾಸಬಾಗದಂಥ ನೇಕಾರರ ಓಣಿಯಲ್ಲಿ ಈ ಸಮಸ್ಯೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಮಗ್ಗವಿರುವ ಮನೆಯಲ್ಲಿ ವಾಸದ ಜಾಗವೂ ದುಡಿಮೆಯ ಜಾಗವೂ ಒಂದೇ. ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದ ಮೇಲೂ ಮಗ್ಗ ಒಂದೇ ಪಡಸಾಲೆಯಲ್ಲಿ ಉಳಿಯಬಹುದು. ಕಂಡಿಕೆ ಸುತ್ತುವ ಹೆಂಗಸರ ಕೈ ಎರಡೂ ಒಲೆಗಳಿಗೆ ಸೇರಿರಬಹುದು. ಅದಕ್ಕೆ ವ್ಯತಿರಿಕ್ತವಾಗಿ, ಒಲೆ ಒಂದೇ ಇದ್ದು ಸ್ವಂತ ಮಗ್ಗವಿಲ್ಲದ ಕಾರಣ ದುಡಿಯುವವರು ಬೇರೆಡೆಗೆ ಹೋಗಬೇಕಾಗಿಯೂ ಬರಬಹುದು. ಒಟ್ಟಾಗಿರಬೇಕೋ ಬೇರೆಯಾಗಬೇಕೋ ಎಂಬ ನಿರ್ಧಾರವನ್ನು ಇಲ್ಲಿ ಸಂಪ್ರದಾಯದಷ್ಟೇ ಬಲವಾಗಿ ಮಗ್ಗದ ಒಡೆತನವೂ ನಿರ್ದೇಶಿಸುತ್ತದೆ. ಕರ್ವೆಯವರ ನಿರೂಪಣೆಯಲ್ಲಿ ಆಸ್ತಿ ಒಂದು ಲಕ್ಷಣವಾಗಿ ಬರುತ್ತದೆಯೇ ಹೊರತು, ಆಸ್ತಿಯಿಲ್ಲದವರು ಯಾವ ಬಗೆಯಲ್ಲಿ ಕುಟುಂಬವಾಗಿ ಉಳಿಯುತ್ತಾರೆಂಬ ಪ್ರಶ್ನೆಗೆ ಸಾಕಷ್ಟು ಅವಕಾಶ ದೊರೆತಿಲ್ಲ. ಅಸಮಾನತೆಯನ್ನು ಜಾತಿ ಮತ್ತು ಬಂಧುತ್ವದ ಭಾಷೆಯಲ್ಲಿ ವಿವರಿಸಿದಷ್ಟು ಅವರು ವರ್ಗದ ಭಾಷೆಯಲ್ಲಿ ವಿವರಿಸಲಿಲ್ಲವೆಂಬುದು ಅವರ ಚಿಂತನೆಯ ಮುಖ್ಯ ಮಿತಿ.

5. ಊರು ಬಿಟ್ಟವರು

ಜೀವನದ ಕೊನೆಯ ಎರಡು ದಶಕಗಳಲ್ಲಿ ಕರ್ವೆಯವರ ಗಮನ ಗ್ರಂಥಗಳಿಂದ ಊರುಗಳ ಕಡೆಗೆ ಹೊರಳಿತು. 1957ರ ಪ್ರಬಂಧವೊಂದರಲ್ಲಿ ಅವರು ಮನೆಗಳ ಹರಹನ್ನೇ ಸಾಮಾಜಿಕ ಸಾಕ್ಷ್ಯವಾಗಿ ಓದಿದರು. ಬಯಲುಸೀಮೆಯ ಒತ್ತಾದ ಊರು, ಕೊಂಕಣದ ಹಾದಿಯುದ್ದಕ್ಕೂ ಹಿತ್ತಿಲುಗಳ ನಡುವೆ ಚಾಚಿದ ಊರು, ಗುಡ್ಡಗಾಡಿನ ಚದುರಿದ ಊರು ಇವುಗಳನ್ನು ಪ್ರತ್ಯೇಕವಾಗಿ ಗುರುತಿಸಿದರು; ಅಸ್ಪೃಶ್ಯರೆನಿಸಿಕೊಂಡವರ ಮನೆಗಳು ಊರಿನಿಂದ ಹೊರಗಿರುವುದನ್ನೂ ದಾಖಲಿಸಿದರು. ಬೆಳಗಾವಿಯ ಎರೆಭೂಮಿಯಿಂದ ಖಾನಾಪುರದ ಕಾಡಿನಂಚಿಗೆ ಸಾಗುವವನಿಗೆ ಊರಿನ ಆಕಾರ ಬದಲಾಗುವುದು ಕಾಣುವುದರಿಂದ ಈ ವಿಭಜನೆ ನಮ್ಮ ಭಾಗಕ್ಕೆ ಅಪರಿಚಿತವಲ್ಲ. 1963ರಲ್ಲಿ ವೈ. ಬಿ. ದಾಮ್ಲೆ ಅವರೊಡನೆ ಹಳ್ಳಿಗಳ ಗುಂಪು ಸಂಬಂಧಗಳನ್ನು ಪ್ರಶ್ನಾವಳಿ ಮತ್ತು ಕೋಷ್ಟಕಗಳ ಮೂಲಕ ಪರೀಕ್ಷಿಸಿದರು. 1965ರಲ್ಲಿ ಹಿಂದೆ ಸಂಸ್ಥಾನದ ರಾಜಧಾನಿಯಾಗಿದ್ದ ಫಲಟಣ ಪಟ್ಟಣಕ್ಕೂ ಸುತ್ತಲಿನ ಹಳ್ಳಿಗಳಿಗೂ ಇರುವ ಕೊಡುಕೊಳೆಯನ್ನು ಜೆ. ಎಸ್. ರಣದಿವೆಯವರೊಡನೆ ಅಧ್ಯಯನ ಮಾಡಿದರು.

1969ರಲ್ಲಿ ಪ್ರಕಟವಾದ ಕೊಯ್ನಾ ಅಣೆಕಟ್ಟಿನ ನಿರಾಶ್ರಿತರ ಸಮೀಕ್ಷೆ ಈ ಸರಣಿಯ ಕೊನೆಯ ದೊಡ್ಡ ಕೆಲಸ. ಮಗಳು ಜಾಯಿ ನಿಂಬಕರ್ ಅದರಲ್ಲಿ ಸಹಲೇಖಕಿ. ಆಯ್ಕೆಯಿಂದಲ್ಲದೆ ಬಲವಂತದಿಂದ ಮನೆ ಬಿಟ್ಟವರನ್ನು ಎಣಿಕೆಗೆ ತಂದ ಆರಂಭದ ಭಾರತೀಯ ಅಧ್ಯಯನಗಳಲ್ಲಿ ಇದೂ ಒಂದು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟಾದಾಗ, ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟಾಗಿ ಬಾಗಲಕೋಟೆಯ ಒಂದು ಭಾಗ ನವನಗರಕ್ಕೆ ಸ್ಥಳಾಂತರಗೊಂಡಾಗ ಎದ್ದ ಪ್ರಶ್ನೆಗಳೂ ಇವೇ ಆಗಿವೆ. ಪರಿಹಾರವನ್ನು ಯಾರ ಹೆಸರಿಗೆ ಕೊಡಬೇಕು? ಒಂದು ಒಲೆಯೇ ಒಂದು ಕುಟುಂಬವೇ? ಮದುವೆಯಾದ ಮಗ ಬೇರೆ ಕುಟುಂಬವೇ? ಕೊಟ್ಟ ಮಗಳ ಲೆಕ್ಕ ಎಲ್ಲಿ ಸೇರಬೇಕು? ಕುಟುಂಬದ ನಿರೂಪಣೆ ಇಂಥಲ್ಲಿ ವಿದ್ವಾಂಸರ ಚರ್ಚೆಯಾಗಿ ಉಳಿಯದೆ, ಒಬ್ಬರಿಗೆ ನೆಲ ಸಿಗುವ ಅಥವಾ ಸಿಗದಿರುವ ಸಂಗತಿಯಾಗುತ್ತದೆ.

6. ಉಪಸಂಹಾರ

1967ರಲ್ಲಿ ಪ್ರಕಟವಾದ ‘ಯುಗಾಂತ’ಕ್ಕೆ 1968ರ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂದಿತು. 1970ರ ಆಗಸ್ಟ್ 11ರಂದು ಇರಾವತಿ ಕರ್ವೆಯವರು ಪುಣೆಯಲ್ಲಿ ನಿಧನರಾದರು. ಕೊಯ್ನಾ ಸಮೀಕ್ಷೆಯೂ ಯುಗಾಂತವೂ ಒಂದೇ ಲೇಖನಿಯಿಂದ ಎರಡು ವರ್ಷಗಳ ಅಂತರದಲ್ಲಿ ಬಂದವೆಂಬುದನ್ನು ನೆನೆದರೆ, ಕುಂತಿ ಗಾಂಧಾರಿಯರ ಮನೆತನವನ್ನೂ ಮುಳುಗಡೆಯ ರೈತನ ಮನೆತನವನ್ನೂ ಅವರು ಒಂದೇ ಕಣ್ಣಿನಿಂದ ಕಂಡರೆಂಬುದು ಮನದಟ್ಟಾಗುತ್ತದೆ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಶಂ. ಬಾ. ಜೋಶಿಯವರು (1896-1991) ಕನ್ನಡ-ಮರಾಠಿಗಳ ಬೆಸುಗೆಯನ್ನು ಪದಗಳಲ್ಲಿಯೂ ಸ್ಥಳನಾಮಗಳಲ್ಲಿಯೂ ಅರಸಿದರು. ಕರ್ವೆಯವರು ಅದೇ ನೆಲದ ನಂಟನ್ನು ಮದುವೆಗಳಲ್ಲಿಯೂ ಮನೆಗಳಲ್ಲಿಯೂ ಅರಸಿದರು. ಈ ಎರಡು ಶೋಧಗಳನ್ನು ಒಂದೆಡೆ ತಂದು, ಖಾಸಬಾಗದಂಥ ಓಣಿಯ ಮನೆಗಳಲ್ಲಿ ಬಳಕೆಯಲ್ಲಿರುವ ಸಂಬಂಧವಾಚಕಗಳನ್ನೂ ಒಲೆಗಳನ್ನೂ ಮಗ್ಗಗಳನ್ನೂ ಒಟ್ಟಿಗೆ ದಾಖಲಿಸುವ ಕೆಲಸ ನಡೆಯಬೇಕಾಗಿದೆ. ಎಣಿಸುವ ಮುನ್ನ ಯಾವುದನ್ನು ಮನೆಯೆಂದು ಕರೆಯುತ್ತೇವೆಂಬುದನ್ನು ಆ ಮನೆಯವರಿಂದಲೇ ಕೇಳಿ ತಿಳಿಯಬೇಕೆಂಬುದು ಕರ್ವೆಯವರ ಬದುಕಿನಿಂದ ಇಂದಿನ ಸಂಶೋಧಕನು ಪಡೆಯಬಹುದಾದ ಮುಖ್ಯ ಪಾಠ.