ವರ್ತಕ ಕಾಸ್ಮಸನೂ ಎರಡು ಕಲ್ಯಾಣಗಳೂ

ಪುಣೆಯಿಂದ ಮುಂಬಯಿಗೆ ರೈಲಿನಲ್ಲಿ ಹೋಗುವ ನಮ್ಮವರಿಗೆ ಕಲ್ಯಾಣ ಜಂಕ್ಷನ್ ಚಿರಪರಿಚಿತ. ನಮ್ಮಲ್ಲಿ ಹಲವರ ಹುಟ್ಟೂರು ಉಡುಪಿಯ ಕಡೆ. ಅಲ್ಲಿ ಸುವರ್ಣಾ ನದಿಯ ದಡದಲ್ಲಿ ಕಲ್ಯಾಣಪುರವೂ ಇದೆ. ಕ್ರೈಸ್ತಧರ್ಮದ ಆದಿಕಾಲದ ಚರಿತ್ರೆಯಲ್ಲಿ ಹೆಸರು ಪಡೆದ ಕಲ್ಲಿಯಾನ ಪಟ್ಟಣವು ಇವೆರಡರಲ್ಲಿ ಯಾವುದೆಂಬ ಚರ್ಚೆ ಬಹಳ ಹಳೆಯದು. ಈ ಚರ್ಚೆಗೆ ಮೂಲನಾದವನು ಕಾಸ್ಮಸನೆಂಬ ವರ್ತಕ.

ಕ್ರಿ. ಶ. 6ನೆಯ ಶತಮಾನದಲ್ಲಿ ಈತನು ಈಜಿಪ್ತಿನ ಅಲೆಗ್ಸಾಂಡ್ರಿಯ ನಗರದಲ್ಲಿದ್ದನು. ತನಗೆ ಶಾಲೆಯ ವಿದ್ಯೆ ಸಾಲದು, ದೃಷ್ಟಿ ಮಂದ, ಹೊಟ್ಟೆಯ ಬೇನೆಯೂ ಉಂಟು ಎಂದು ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾನೆ. ಇಂತಹವನು ಕೆಂಪು ಸಮುದ್ರದ ಹಾದಿಯಾಗಿ ಇಥಿಯೋಪಿಯದವರೆಗೆ ವ್ಯಾಪಾರಕ್ಕೆ ಹೋದನು. ಜಸ್ಟಿನ್ ಚಕ್ರವರ್ತಿಯ (518–527) ಕಾಲದಲ್ಲಿ ಅದುಲಿಸ್ ರೇವಿನಲ್ಲಿದ್ದಾಗ, ಅಲ್ಲಿದ್ದ ಅಮೃತಶಿಲೆಯ ಪೀಠದ ಪುರಾತನ ಬರಹವನ್ನು ನಕಲು ಮಾಡಿಕೊಡಬೇಕೆಂದು ಅಧಿಕಾರಿಯು ಕೇಳಿದನು. ಕಾಸ್ಮಸನು ಮೇನಾಸನೆಂಬ ಇನ್ನೊಬ್ಬ ವರ್ತಕನೊಡನೆ ಆ ಕೆಲಸ ಮುಗಿಸಿ, ತನಗೂ ಒಂದು ಪ್ರತಿಯನ್ನಿಟ್ಟುಕೊಂಡನು. ಆ ಶಿಲೆಗಳು ಇಂದು ಇಲ್ಲ. ಲೋಕಕ್ಕೆ ಉಳಿದಿರುವುದು ಅವನ ನಕಲು ಮಾತ್ರ. ಖಾತೆ ಕಿರ್ದಿ ಬರೆದು ಅಭ್ಯಾಸವಾದವನ ಬುದ್ಧಿಯಿದು!

ಮುಂದೆ ವ್ಯಾಪಾರವನ್ನು ಬಿಟ್ಟು, ಸುಮಾರು 550ರ ಹೊತ್ತಿಗೆ ಗ್ರೀಕ್ ಭಾಷೆಯಲ್ಲಿ ಕ್ರೈಸ್ತ ಭೂವಿವರಣೆಯೆಂಬ ದೊಡ್ಡ ಗ್ರಂಥವನ್ನು ರಚಿಸಿದನು. ಭೂಮಿಯು ಚಪ್ಪಟೆ, ವಿಶ್ವವು ಮುಚ್ಚಳವಿರುವ ಪೆಟ್ಟಿಗೆಯಂತಿದೆ ಎಂದು ಸಾಧಿಸುವುದೇ ಅದರ ಉದ್ದೇಶ. ನಮ್ಮ ಆರ್ಯಭಟನು ಭೂಮಿ ದುಂಡಗಿದೆಯೆಂದು 499ರಲ್ಲಿಯೇ ಬರೆದಿದ್ದನೆಂಬುದನ್ನು ನೆನೆದರೆ ನಗು ಬರುತ್ತದೆ. ಆದರೆ ಸರಕಿನ ಮಾತು ಬಂದಾಗ ಈತನ ಲೇಖನಿ ಬಹುಮಟ್ಟಿಗೆ ತಪ್ಪುವುದಿಲ್ಲ. ಮೆಣಸಿನ ಬಳ್ಳಿ ಮರಕ್ಕೆ ಹಬ್ಬುವ ರೀತಿಯನ್ನು ವರ್ಣಿಸುತ್ತಾನೆ, ತೆಂಗಿನಕಾಯಿಗೆ ಅರ್ಗೆಲ್ಲಿಯವೆನ್ನುತ್ತಾನೆ. ನಮ್ಮ ನಾರಿಕೇಳವೇ ಅದು! ಅವನು ಸ್ವತಃ ಭಾರತಕ್ಕೆ ಬಂದಿದ್ದನೇ, ಬಂದುಹೋದವರಿಂದ ಕೇಳಿ ಬರೆದನೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಆ ಗ್ರಂಥದಲ್ಲಿಯೇ, ಮೆಣಸಿನ ನಾಡಾದ ಮಲೆಯಲ್ಲಿ ಕ್ರೈಸ್ತರಿರುವರೆಂದೂ, ಕಲ್ಲಿಯಾನದಲ್ಲಿ ಪರ್ಷಿಯದಿಂದ ನೇಮಕವಾಗಿ ಬರುವ ಬಿಷಪ್ ಇರುವನೆಂದೂ ಹೇಳಿದೆ. ಭಾರತದ ಕ್ರೈಸ್ತ ಸಮಾಜಕ್ಕೆ ದೊರೆತ ಅತ್ಯಂತ ಹಳೆಯ ಲಿಖಿತ ಸಾಕ್ಷ್ಯಗಳಲ್ಲಿ ಇದೊಂದು. ಪೋರ್ತುಗೀಜರ ಹಡಗುಗಳು ಬರುವುದಕ್ಕೆ ಇನ್ನೂ ಸುಮಾರು ಸಾವಿರ ವರ್ಷಗಳಿದ್ದವು!

ಕಲ್ಯಾಣಪುರದವರು ಈ ಕೀರ್ತಿ ತಮ್ಮದೆನ್ನುವುದುಂಟು. ಆ ಸೀಮೆಯ ಅಭಿಮಾನ ನಮಗೂ ಕಡಿಮೆಯಿಲ್ಲ. ಆದರೂ ಕಾಸ್ಮಸನ ಪಟ್ಟಿಯನ್ನು ಓದಿದಾಗ ನಾವು ಸೋಲನ್ನು ಒಪ್ಪಬೇಕಾಗಿದೆ. ಆತನು ಉತ್ತರದಿಂದ ದಕ್ಷಿಣಕ್ಕೆ ಸಿಂಧು, ಒರ್ರೋಥಾ, ಕಲ್ಲಿಯಾನ, ಸಿಬೋರ್, ಅನಂತರ ಮಲೆ ಎಂದು ಕ್ರಮವಾಗಿ ಎಣಿಸುತ್ತಾನೆ. ಸಿಬೋರ್ ಎಂಬುದು ಕೊಂಕಣದ ಚೌಲ್ ಎಂದು ಬಲ್ಲವರ ಮತ. ಮಲೆಯ ಐದು ಮೆಣಸಿನ ಪೇಟೆಗಳಲ್ಲಿ ಮಂಗರೂಥ್, ಅಂದರೆ ನಮ್ಮ ಮಂಗಳೂರು, ಸೇರಿದೆ. ಕಲ್ಲಿಯಾನವು ಉಡುಪಿಯ ಪಕ್ಕದ್ದಾಗಿದ್ದರೆ ಮಂಗರೂಥದ ನೆರೆಯಲ್ಲಿ ಬರಬೇಕಿತ್ತು, ಚೌಲಿಗಿಂತ ಮೊದಲಲ್ಲ. ಅಲ್ಲಿಂದ ಹೊರಡುವ ಸರಕಾಗಿ ಅವನು ಬರೆದಿರುವುದೂ ಮೆಣಸನ್ನಲ್ಲ. ತಾಮ್ರ, ಮರದ ದಿಮ್ಮಿ, ಬಟ್ಟೆ. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಪ್ರಸಿದ್ಧವಾದುದೇ ಸರಿ, ಆದರೆ ಅದು ಸ್ಥಾಪನೆಯಾದುದು 1678ರಲ್ಲಿ.

ಹಾಗಾದರೆ ಜಂಕ್ಷನ್ನಿನ ಕಲ್ಯಾಣವೇ ಆ ಪಟ್ಟಣ. 1ನೆಯ ಶತಮಾನದ ಗ್ರೀಕ್ ನಾವಿಕನ ಕೈಪಿಡಿಯಲ್ಲಿಯೂ ಅದರ ಹೆಸರುಂಟು. ಕಾನ್ಹೇರಿಯ ಗುಹೆಗಳಿಗೆ ದಾನಕೊಟ್ಟ ಕಲ್ಯಾಣದ ವರ್ತಕರ ಹೆಸರುಗಳು ಕಲ್ಲಿನಲ್ಲಿವೆ. ಘಟ್ಟದ ಮೇಲಿನ ಸರಕು ನಮ್ಮ ಪುಣೆ ಜಿಲ್ಲೆಯ ಜುನ್ನರಿನಿಂದ ನಾಣೇಘಾಟವನ್ನಿಳಿದು ಅಲ್ಲಿಗೆ ಹೋಗುತ್ತಿತ್ತು. ಆ ಘಾಟದಲ್ಲಿ ಸಾತವಾಹನ ರಾಣಿ ನಾಗಣಿಕೆಯ ಶಾಸನವಿದೆ. ಸುಂಕದ ಹಣ ಹಾಕುತ್ತಿದ್ದರೆಂದು ಜನರು ಹೇಳುವ ಕಲ್ಲಿನ ಹಂಡೆಯೊಂದು ಹಾದಿಯ ಪಕ್ಕದಲ್ಲಿ ಇಂದಿಗೂ ನಿಂತಿದೆ.