ಸಿಂಹಾಸನದಿಂದ ರಾಜಭವನಕ್ಕೆ

ರಾಜ್ಯೋತ್ಸವದ ಶುಭದಿನದಂದು ಕನ್ನಡ ನಾಡಿನ ಏಕೀಕರಣಕ್ಕಾಗಿ ದುಡಿದ ಮಹನೀಯರನ್ನು ನೆನೆಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆಲೂರು ವೆಂಕಟರಾಯರ ಹೆಸರನ್ನು ನಮ್ಮ ಮಕ್ಕಳೂ ಬಲ್ಲರು. ಆದರೆ ಒಂದುಗೂಡಿದ ರಾಜ್ಯದ ಪ್ರಥಮ ರಾಜ್ಯಪಾಲರಾಗಿ, ಆಮೇಲೆ ನಾವು ನೆಲೆಸಿರುವ ಈ ನಗರಕ್ಕೂ ರಾಜ್ಯಪಾಲರಾಗಿ ಬಂದ ಒಬ್ಬ ಕನ್ನಡಿಗರನ್ನು ನಾವು ಅಷ್ಟಾಗಿ ಸ್ಮರಿಸುವುದಿಲ್ಲ. ಅವರೇ ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರು.

ಅವರು ಜನಿಸಿದ್ದು 1919ನೆಯ ಇಸವಿ ಜುಲೈ 18ರಂದು, ಮೈಸೂರಿನಲ್ಲಿ. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ತಾಯಿ ಕೆಂಪು ಚೆಲುವಾಜಮ್ಮಣ್ಣಿಯವರು. ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮಕ್ಕಳಿರಲಿಲ್ಲವಾಗಿ, ಪಟ್ಟ ಯುವರಾಜರಿಗೆ, ಅವರ ನಂತರ ಈ ಬಾಲಕನಿಗೆ ಎಂಬುದು ಎಲ್ಲರೂ ಅರಿತ ವಿಷಯವಾಗಿತ್ತು. ಮಹಾರಾಜಾ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವೀಧರರಾದರು. ಆದರೆ ವಿಧಿಯು ನಿಧಾನವಾಗಿ ನಡೆಯಲಿಲ್ಲ. 1940ರ ಮಾರ್ಚಿಯಲ್ಲಿ ತಂದೆ ಮುಂಬಯಿಯಲ್ಲಿ ತೀರಿಕೊಂಡರು. ಆಗಸ್ಟ್ 3ರಂದು ನಾಲ್ವಡಿಯವರೂ ಕಾಲವಾದರು. ಸೆಪ್ಟೆಂಬರ್ 8ರಂದು, ಇಪ್ಪತ್ತೊಂದರ ತರುಣರು ಸಿಂಹಾಸನವನ್ನೇರಿದರು.

ಅಂತಹ ದೊಡ್ಡಪ್ಪನವರ ತರುವಾಯ ಆಳುವುದು ಸುಲಭವಾಗಿರಲಿಲ್ಲ. ಕನ್ನಂಬಾಡಿ, ಮೈಸೂರು ವಿಶ್ವವಿದ್ಯಾನಿಲಯ, ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಎಲ್ಲವೂ ಹಿಂದಿನ ಪ್ರಭುಗಳ ಕಾಲದವು. ಮೇಲಾಗಿ ಮಹಾಯುದ್ಧ ನಡೆಯುತ್ತಿತ್ತು. ಆದರೂ ಪಟ್ಟಕ್ಕೆ ಬಂದ ಆ ವರ್ಷದ ಡಿಸೆಂಬರಿನಲ್ಲಿಯೇ ಬೆಂಗಳೂರಿನ ವಿಮಾನ ಕಾರ್ಖಾನೆ, ವಾಲ್‌ಚಂದ್ ಹೀರಾಚಂದರ ಸಾಹಸ ಮತ್ತು ಮೈಸೂರು ಸರ್ಕಾರದ ಬಂಡವಾಳ, ಭೂಮಿಗಳ ನೆರವಿನಿಂದ ಆರಂಭವಾಯಿತು. ಇಂದಿನ ಎಚ್.ಎ.ಎಲ್. ಸಂಸ್ಥೆಯ ಮೂಲವೇ ಅದು.

1947 ಬಂದಿತು. ಭಾರತ ಒಕ್ಕೂಟವನ್ನು ಸೇರುವ ಪತ್ರಕ್ಕೆ ಮಹಾರಾಜರು ಆಗಸ್ಟ್ ಮೊದಲ ಭಾಗದಲ್ಲಿಯೇ ಸಹಿ ಮಾಡಿದರು. ಆದರೆ ಪ್ರಜೆಗಳು ಕೇಳಿದ ಜವಾಬ್ದಾರಿ ಸರ್ಕಾರ ಅಷ್ಟು ಬೇಗ ದೊರೆಯಲಿಲ್ಲ. ಜೀವನಚರಿತ್ರೆಯೆಂದರೆ ಬರೀ ಹೊಗಳಿಕೆಯಾಗಬಾರದಾದ್ದರಿಂದ ಇದನ್ನು ಮರೆಮಾಚದೆ ಹೇಳಬೇಕು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನಲ್ಲಿ ದಿವಾನರ ಆಡಳಿತವೇ ಮುಂದುವರಿಯಿತು. ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳವಳಿ ಆರಂಭವಾಗಿ ಸಾವಿರಾರು ಜನ ಸೆರೆಮನೆ ಸೇರಿದರು. ಮೈಸೂರು ನಗರದಲ್ಲಿ ಪೋಲೀಸರ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಇಂದಿಗೂ ಅಲ್ಲಿನ ಒಂದು ವೃತ್ತ ಹೊತ್ತಿದೆ. ಕೊನೆಗೆ ಅಕ್ಟೋಬರಿನಲ್ಲಿ ಮಹಾರಾಜರು ಜನರ ಮಾತಿಗೆ ಒಪ್ಪಿದರು, ಕೆ. ಸಿ. ರೆಡ್ಡಿಯವರು ಪ್ರಥಮ ಮುಖ್ಯಮಂತ್ರಿಗಳಾದರು. ತಡವಾಗಿಯಾದರೂ ಒಮ್ಮೆ ಬಿಟ್ಟುಕೊಟ್ಟ ಅಧಿಕಾರವನ್ನು ಅವರು ಮತ್ತೆ ಹಿಂದಕ್ಕೆ ಎಳೆದುಕೊಳ್ಳಲು ನೋಡಲಿಲ್ಲ. ಅವರ ಹಿರಿಮೆ ತೊಡಗುವುದು ಇಲ್ಲಿಂದ ಎಂದು ನಮ್ಮ ಭಾವನೆ.

1950ರ ಜನವರಿ 26ರಂದು ಮೈಸೂರು ಗಣರಾಜ್ಯದ ಒಂದು ಅಂಗವಾಯಿತು. ಅರಸರು ರಾಜಪ್ರಮುಖರಾದರು. ಪದವಿಯ ಹೆಸರು ಬದಲಾಯಿತಾದರೂ ಸೀಮೆ ಅದೇ, ಪ್ರಜೆಗಳು ಅವರೇ. ನಿಜವಾದ ಪರೀಕ್ಷೆ ಬಂದದ್ದು ಏಕೀಕರಣದ ಸಮಯದಲ್ಲಿ. ಮುಂಬಯಿ ಪ್ರಾಂತದ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ; ಹೈದರಾಬಾದಿನ ಕಲಬುರ್ಗಿ, ರಾಯಚೂರು, ಬೀದರ್; ಕೊಡಗು; ನಮ್ಮ ಮದರಾಸು ರಾಜ್ಯದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಇವೆಲ್ಲ ಮೈಸೂರಿನೊಡನೆ ಕೂಡಬೇಕೆಂದಾಗ ಹಳೆಯ ಮೈಸೂರಿನ ಅನೇಕ ಪ್ರಮುಖರು ಹಿಂಜರಿದರು. ಎಂದೂ ತಮ್ಮ ಮನೆತನದ ಪ್ರಜೆಗಳಾಗಿರದ ಲಕ್ಷಾಂತರ ಜನರು ಬಂದು ಸೇರಿದರೆ ಹಳೆಯ ಸಂಸ್ಥಾನ ಕರಗಿಹೋಗುವುದೆಂಬುದು ಒಡೆಯರಿಗೆ ತಿಳಿಯದ ಸಂಗತಿಯಲ್ಲ. ಆದರೂ ಅವರು ಏಕೀಕರಣದ ಪರವಾಗಿಯೇ ನಿಂತರು.

1956ರ ನವೆಂಬರ್ 1ರಂದು ದೇಶದಲ್ಲೆಲ್ಲ ರಾಜಪ್ರಮುಖರ ಪದವಿ ರದ್ದಾಯಿತು. ಹಲವು ಅರಸರು ಅಲ್ಲಿಗೆ ಸಾರ್ವಜನಿಕ ಅಧಿಕಾರದಿಂದ ಹಿಂದೆ ಸರಿದರು. ಒಡೆಯರು ಹೊಸ ಮೈಸೂರು ರಾಜ್ಯದ ರಾಜ್ಯಪಾಲರಾಗಲು ಒಪ್ಪಿದರು. ಇದರ ಅರ್ಥವನ್ನು ನಾವು ಸ್ವಲ್ಪ ಆಲೋಚಿಸಬೇಕು. ಹುಟ್ಟಿನಿಂದ ಬಂದ ಸ್ಥಾನದಲ್ಲಿದ್ದವರು ರಾಷ್ಟ್ರಪತಿಗಳ ಆಜ್ಞೆಯಿಂದ ಬಂದ ಸ್ಥಾನಕ್ಕೆ ಇಳಿದರು. ಅಥವಾ ಏರಿದರು ಎನ್ನೋಣ. ಆಜ್ಞೆಯಿಂದ ಬಂದ ಹುದ್ದೆಗೆ ಅವಧಿಯುಂಟು, ವರ್ಗಾವಣೆಯೂ ಉಂಟು. ಬ್ಯಾಂಕಿನ ಕಾಗದವೊಂದು ಬಂದರೆ ಹೆಂಡತಿ ಮಕ್ಕಳೊಡನೆ ಗಂಟುಮೂಟೆ ಕಟ್ಟುವ ನಮ್ಮಂತಹ ಗುಮಾಸ್ತರಿಗೆ ಆ ಮಾತಿನ ಭಾರ ಗೊತ್ತು. ಐದು ಶತಮಾನಗಳಿಗೂ ಮಿಕ್ಕಿದ ರಾಜವಂಶದವರಿಗೂ ಅಂತಹ ಕಾಗದ ಬಂದಿತು. 1964ರ ಮೇ 4ರಂದು ಅವರು ಮದರಾಸು ರಾಜ್ಯದ ರಾಜ್ಯಪಾಲರಾಗಿ ಅಧಿಕಾರ ವಹಿಸಿಕೊಂಡರು.

ಇತಿಹಾಸದ ಲೀಲೆಯೆಂದರೆ ಇದೇ ಸರಿ. 1799ರಲ್ಲಿ ಜನರಲ್ ಹ್ಯಾರಿಸನ ಸೇನೆ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೋದದ್ದು ಮದರಾಸು ಸರ್ಕಾರದ ಸೀಮೆಯಿಂದಲೇ. ಟಿಪ್ಪು ಸುಲ್ತಾನನು ಮಡಿದ ಮೇಲೆ ಇಂಗ್ಲಿಷರು ಐದು ವರ್ಷದ ಮುಮ್ಮಡಿ ಕೃಷ್ಣರಾಜರನ್ನು ಪಟ್ಟಕ್ಕೆ ಕೂರಿಸಿ, ವರ್ಷಕ್ಕೆ ಏಳು ಲಕ್ಷ ವರಹಗಳ ಕಪ್ಪವನ್ನು ಗೊತ್ತುಮಾಡಿದರು. 1831ರಲ್ಲಿ ಅವರ ಆಡಳಿತವನ್ನೂ ಕಸಿದುಕೊಂಡರು. ಜಯಚಾಮರಾಜರ ತಾತನವರಾದ ಚಾಮರಾಜೇಂದ್ರ ಒಡೆಯರಿಗೆ ಅದು ಹಿಂದಿರುಗಿದ್ದು 1881ರಲ್ಲಿ. ಕಾವೇರಿಯ ನೀರಿಗಾಗಿ ಮೈಸೂರು ಸಂಸ್ಥಾನವು 1892ರಲ್ಲಿಯೂ 1924ರಲ್ಲಿಯೂ ಒಪ್ಪಂದ ಮಾಡಿಕೊಂಡದ್ದು ಇದೇ ಮದರಾಸು ಸರ್ಕಾರದೊಡನೆ. ಹೀಗೆ ಯಾವ ಸರ್ಕಾರದ ಮುಂದೆ ಮೈಸೂರು ತಲೆಮಾರುಗಳ ಕಾಲ ವಾದಿಸುತ್ತ ನಿಂತಿತೋ, ಆ ಸರ್ಕಾರದ ಶಿರಸ್ಥಾನದಲ್ಲಿ ಮೈಸೂರಿನ ಅರಸರೇ ಬಂದು ಕುಳಿತರು. ಬಂದದ್ದು ಗೆದ್ದವರಾಗಿ ಅಲ್ಲ, ಸೇವಕರಾಗಿ. ಭಾವನಗರದ ಮಹಾರಾಜ ಕೃಷ್ಣಕುಮಾರಸಿಂಹಜಿಯವರು 1948ರಿಂದ 1952ರವರೆಗೆ ಇದೇ ಸ್ಥಾನದಲ್ಲಿದ್ದರು. ಆದರೆ ಅವರು ದೂರದ ಗುಜರಾತಿನವರು, ಒಡೆಯರು ನೆರೆಮನೆಯವರು. ನೆರೆಮನೆಯವರಾಗಿ ನಡೆದುಕೊಳ್ಳುವುದು ಹೆಚ್ಚು ಕಷ್ಟ.

ಆ ಕಷ್ಟ ಬೇಗನೆ ಎದುರಾಯಿತು. 1965ರ ಜನವರಿಯಲ್ಲಿ ಹಿಂದಿಯ ವಿರುದ್ಧ ಈ ರಾಜ್ಯದಲ್ಲೆಲ್ಲ ದೊಡ್ಡ ಚಳವಳಿ ಎದ್ದಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಗುಂಡು ಹಾರಿತು, ಹಲವರು ಪ್ರಾಣ ತೆತ್ತರು. ಮುಖ್ಯಮಂತ್ರಿಗಳಾಗಿದ್ದವರು ಎಂ. ಭಕ್ತವತ್ಸಲಂ. ನಮ್ಮ ಸಂವಿಧಾನದಲ್ಲಿ ರಾಜ್ಯಪಾಲರು ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರು. ಒಂದು ಕಾಲಕ್ಕೆ ಸ್ವಂತ ಸಂಸ್ಥಾನದಲ್ಲಿ ಆಜ್ಞೆ ಮಾಡಿದವರು ಇಲ್ಲಿ, ಇನ್ನೊಂದು ಭಾಷೆಯ ಜನ ತಮ್ಮ ನುಡಿಗಾಗಿ ಕುದಿಯುತ್ತಿದ್ದಾಗ, ಆ ಮಿತಿಯೊಳಗೆಯೇ ಇರಬೇಕಾಯಿತು. ಅವರು ಆ ಗೆರೆಯನ್ನು ದಾಟಲಿಲ್ಲ. 1966ರ ಜೂನ್ ತಿಂಗಳ ಕೊನೆಯಲ್ಲಿ ಅಧಿಕಾರವನ್ನು ಸರದಾರ್ ಉಜ್ಜಲ್ ಸಿಂಗರಿಗೆ ಒಪ್ಪಿಸಿ ಹೊರಟರು.

ಮದರಾಸಿಗೂ ಅವರಿಗೂ ಇನ್ನೊಂದು ನಂಟಿತ್ತು, ಸಂಗೀತದ್ದು. ಬಾಲ್ಯದಲ್ಲಿ ಅವರು ಕಲಿತದ್ದು ಪಾಶ್ಚಾತ್ಯರ ಪಿಯಾನೋ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪ್ರಶಸ್ತಿಯನ್ನೂ ಪಡೆದರು. ನಿರ್ಲಕ್ಷ್ಯಕ್ಕೊಳಗಾಗಿದ್ದ ರಷ್ಯದ ವಾಗ್ಗೇಯಕಾರ ಮೆಟ್ನರನ ಕೃತಿಗಳನ್ನು ಧ್ವನಿಮುದ್ರಿಸಲು ಅವರು ಹಣ ಒದಗಿಸಿದರು. ಆತ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಇವರಿಗೇ ಅರ್ಪಿಸಿದನು. ಪಟ್ಟವೇರಿದ ಮೇಲೆ ಮನಸ್ಸು ಕರ್ನಾಟಕ ಸಂಗೀತದ ಕಡೆಗೆ ಹೊರಳಿತು. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ 'ಶ್ರೀವಿದ್ಯಾ' ಎಂಬ ಅಂಕಿತದಿಂದ 94 ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದರು. ಆಚಾರ್ಯರು ಇಳಿವಯಸ್ಸಿನಲ್ಲಿ ಇಲ್ಲಿನ ಕಲಾಕ್ಷೇತ್ರಕ್ಕೆ ಬಂದು ಪಾಠ ಹೇಳಿ 1961ರಲ್ಲಿ ಕಾಲವಾದರು. ಶಿಷ್ಯರು ಈ ಊರಿಗೆ ಬರುವ ವೇಳೆಗೆ ಗುರುಗಳು ಇಲ್ಲವಾಗಿ ಮೂರು ವರ್ಷಗಳಾಗಿದ್ದವು. ಅಠಾಣ ರಾಗದಲ್ಲಿ ಒಡೆಯರು ರಚಿಸಿದ ಗಣಪತಿಯ ಕೃತಿಯನ್ನು ಇಂದಿಗೂ ವಿದ್ವಾಂಸರು ಕಚೇರಿಯ ಮೊದಲಲ್ಲಿ ಹಾಡುತ್ತಾರೆ. ಅದು ಮೈಸೂರಿನ ದೊರೆಯ ರಚನೆಯೆಂದು ತಿಳಿಯದೆ ತಲೆದೂಗುವ ರಸಿಕರೂ ಇದ್ದಾರು.

ವಿದ್ಯೆಯ ವಿಷಯದಲ್ಲಿಯೂ ಅವರ ಕೈ ದೊಡ್ಡದು. ಋಗ್ವೇದವನ್ನೂ ಪುರಾಣಗಳನ್ನೂ ಕನ್ನಡದ ಅರ್ಥಸಹಿತವಾಗಿ ಹೊರತಂದ ಶ್ರೀ ಜಯಚಾಮರಾಜೇಂದ್ರ ಗ್ರಂಥಮಾಲೆಯಿಂದಾಗಿ, ಸಂಸ್ಕೃತವರಿಯದ ಸಾಮಾನ್ಯ ಗೃಹಸ್ಥರ ಮನೆಗೂ ಆ ಗ್ರಂಥಗಳು ಬಂದವು. ಮೈಸೂರಿನ ಚೆಲುವಾಂಬಾ ವಿಲಾಸವು ಆಹಾರ ಸಂಶೋಧನಾಲಯವಾಯಿತು. 1952ರಲ್ಲಿ ಸ್ಥಾಪನೆಯಾದ ಭಾರತೀಯ ವನ್ಯಜೀವಿ ಮಂಡಲಿಗೆ ಅವರೇ ಪ್ರಥಮ ಅಧ್ಯಕ್ಷರು. ಜಿಂಕೆ, ಕೃಷ್ಣಮೃಗಗಳು ಓಡಾಡುವ ಗಿಂಡಿಯ ರಾಜಭವನ ಅವರ ಮನಸ್ಸಿಗೆ ಒಪ್ಪುವ ಬಿಡಾರವೇ ಆಗಿದ್ದಿರಬೇಕು.

ಕೊನೆಯ ವರ್ಷಗಳಲ್ಲಿ ಉಳಿದದ್ದೂ ಕಳಚಿತು. ವರ್ಷಕ್ಕೆ 26 ಲಕ್ಷ ರೂಪಾಯಿಗಳೆಂದು ಮೈಸೂರಿಗೆ ಮೊದಲು ಗೊತ್ತಾಗಿದ್ದ ರಾಜಧನವೂ, ಮಹಾರಾಜರೆಂಬ ಮನ್ನಣೆಯೂ 1971ರ ಸಂವಿಧಾನ ತಿದ್ದುಪಡಿಯಿಂದ ಕೊನೆಗೊಂಡವು. 1973ರ ನವೆಂಬರ್ 1ರಂದು ರಾಜ್ಯದ ಹೆಸರಿನಿಂದ ಮೈಸೂರೆಂಬ ಶಬ್ದವೂ ಹೋಗಿ ಕರ್ನಾಟಕವಾಯಿತು. ಮರುವರ್ಷ, 1974ರ ಸೆಪ್ಟೆಂಬರ್ 23ರಂದು, ತಮ್ಮ 55ನೆಯ ವಯಸ್ಸಿನಲ್ಲಿ ಒಡೆಯರು ತೀರಿಕೊಂಡರು. 1924ರ ಕಾವೇರಿ ಒಪ್ಪಂದದ ಐವತ್ತು ವರ್ಷಗಳು ತುಂಬಿದ್ದೂ ಅದೇ ವರ್ಷ. ಆ ಬಳಿಕ ಎರಡು ರಾಜ್ಯಗಳ ನಡುವೆ ಏನೇನು ನಡೆಯಿತೆಂಬುದು ಇಲ್ಲಿರುವ ಕನ್ನಡದ ಮನೆಗಳಿಗೆ, ಅಲ್ಲಿರುವ ತಮಿಳರ ಮನೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. 1991ರ ಕೊನೆಯ ತಿಂಗಳುಗಳನ್ನು ಕಂಡವರಾರೂ ಮರೆತಿರಲಾರರು.

ಬಂಧುಗಳೇ, ಒಡೆಯರ ಸಂಪತ್ತಾಗಲಿ ಪಾಂಡಿತ್ಯವಾಗಲಿ ನಮಗೆ ಬರುವಂತಹುದಲ್ಲ. ಆದರೆ ಅವರ ಜೀವನದಲ್ಲಿ ಒಂದು ಅಂಶ ಬಡವರಿಗೂ ಎಟುಕುವಂತಹುದು. ಅವರು ತಮ್ಮದೆಂಬುದನ್ನು ಕಾಲ ಕೇಳಿದಾಗ ಒಂದೊಂದಾಗಿ ಒಪ್ಪಿಸಿದರು. ಪರಸ್ಥಳಕ್ಕೆ ಬಂದಾಗ ಅಲ್ಲಿನ ಜನರ ಕೆಲಸವನ್ನು ತಮ್ಮ ಕೆಲಸವೆಂದು ಮಾಡಿದರು. ಹಾಗೆ ಮಾಡುವಾಗ ತಮ್ಮ ನುಡಿಯನ್ನಾಗಲಿ ದೈವವನ್ನಾಗಲಿ ಸಂಗೀತವನ್ನಾಗಲಿ ಬಿಡಲಿಲ್ಲ. ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುತ್ತ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ, ಎರಡನ್ನೂ ಗೌರವದಿಂದ ಆಡಿರೆಂದು ಹೇಳುವಾಗ ಈ ನೆರೆಮನೆಯ ಅರಸರ ಕತೆಯನ್ನೂ ಹೇಳೋಣ. ಈ ನಗರದ ರಾಜಭವನದಲ್ಲಿ ಎರಡು ವರ್ಷ ಕನ್ನಡದ ಮನೆಯೊಂದಿತ್ತೆಂಬುದು ಅವರಿಗೆ ತಿಳಿದಿರಲಿ.