ದಾನಕ್ಕೆ ವ್ಯವಸ್ಥೆ ತಂದ ಸಂತರು

ದಾನಿಗಳು ದೊರೆತಾರು, ದಾನದ ಹೊಣೆ ಹೊರುವ ವಿಶ್ವಸ್ತರು ದೊರೆಯುವುದು ಕಷ್ಟವೆಂದು ನಾವು ಆಗಾಗ ಕೊರಗುತ್ತೇವೆ. ಸಂತ ವಿನ್ಸೆಂಟ್ ಡಿ ಪಾವ್ಲರಿಗೂ ಇದೇ ಸಮಸ್ಯೆ ಎದುರಾಗಿತ್ತು.

ಫ್ರಾನ್ಸಿನ ಬಡ ರೈತ ಕುಟುಂಬದಲ್ಲಿ ಜನಿಸಿ 1600ರಲ್ಲಿ ಗುರುದೀಕ್ಷೆ ಪಡೆದ ಅವರು ಮೊದಮೊದಲು ಸುಖದ ಹುದ್ದೆಯನ್ನೇ ಅರಸಿದವರು. ಇದನ್ನು ನಾವು ಮರೆಮಾಚಬೇಕಾಗಿಲ್ಲ. 1617ರ ಆಗಸ್ಟ್‌ನಲ್ಲಿ ಶಾತಿಯೋಂ ಊರಿನ ವಿಚಾರಣಾ ಗುರುವಾಗಿದ್ದಾಗ, ಒಂದು ಮನೆಯವರೆಲ್ಲರೂ ರೋಗಪೀಡಿತರಾಗಿರುವ ಸುದ್ದಿ ಭಾನುವಾರದ ಬಲಿಪೂಜೆಗೆ ಮುಂಚೆ ಬಂದಿತು. ಪ್ರಬೋಧನೆಯಲ್ಲಿ ಅದನ್ನು ತಿಳಿಸಿದರು. ಸಂಜೆಯೊಳಗೆ ಊರಿಗೆ ಊರೇ ಆಹಾರ ಹೊತ್ತು ಹೊರಟಿತು. ಅಷ್ಟೂ ಒಂದೇ ದಿನಕ್ಕೆ! ಉಳಿದದ್ದು ಕೆಡುತ್ತದೆ, ಬಳಿಕ ಮತ್ತೆ ಹಸಿವು ಎಂಬುದನ್ನು ವಿನ್ಸೆಂಟರು ಕಂಡುಕೊಂಡರು. ಕೆಲವೇ ದಿನಗಳಲ್ಲಿ ಸ್ತ್ರೀಯರನ್ನು ಕೂಡಿಸಿ ಸೇವೆಯ ಸರದಿ ಗೊತ್ತುಮಾಡಿದರು. ಡಿಸೆಂಬರ್‌ನಲ್ಲಿ ನಿಯಮಾವಳಿ ಜಾರಿಗೆ ಬಂದಿತು. ಅಧ್ಯಕ್ಷೆ, ಕೋಶಾಧಿಕಾರಿ, ಲೆಕ್ಕ ಒಪ್ಪಿಸುವ ಕ್ರಮ ಎಲ್ಲವೂ ಅದರಲ್ಲಿದ್ದವು.

ಮುಂದೆ ಪ್ಯಾರಿಸಿನ ಶ್ರೀಮಂತ ಮಹಿಳೆಯರನ್ನೂ ಇದೇ ಹೊಣೆಗೆ ಒಪ್ಪಿಸಿದರು. ಕೈಯಾರೆ ಸೇವೆ ಮಾಡುವುದು ಅವರಲ್ಲಿ ಹಲವರಿಗೆ ಒಗ್ಗಲಿಲ್ಲ. ಆಗ 1633ರಲ್ಲಿ ಲೂಯಿಸ್ ಡಿ ಮರಿಯಾಕ್‌ರೊಡನೆ ಹಳ್ಳಿಯ ಕನ್ಯೆಯರ ಸಂಘ ಕಟ್ಟಿದರು. ಈ ಭಗಿನಿಯರು ರೋಗಿಗಳನ್ನು ಉಪಚರಿಸಿದರು, ಬಡ ಬಾಲಕಿಯರಿಗೆ ಅಕ್ಷರ ಕಲಿಸಿದರು. 1653ರಲ್ಲಿ, ಹೆಸರು ಹೊರಗೆಡಹಲೊಲ್ಲದ ವರ್ತಕನೊಬ್ಬನ ಹಣದಿಂದ 20 ವೃದ್ಧರಿಗೂ 20 ವೃದ್ಧೆಯರಿಗೂ ಆಶ್ರಯಧಾಮ ತೆರೆಯಿತು. ಕೈಲಾದವರಿಗೆ ಅಲ್ಲಿ ನೇಯ್ಗೆಯ ಕೆಲಸವೂ ಇತ್ತು.

ಲೂಯಿಸ್ 1660ರ ಮಾರ್ಚಿನಲ್ಲಿ, ವಿನ್ಸೆಂಟರು ಅದೇ ವರ್ಷ ಸೆಪ್ಟೆಂಬರ್ 27ರಂದು ದೈವಾಧೀನರಾದರು. ಸಂಘದ ಕೆಲಸ ನಿಲ್ಲಲಿಲ್ಲ.